ಕಾನ್ಫಿಗರೇಷನ್ ಚಿಕ್ಕಪ್ಪ

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಚಿಕ್ಕಪ್ಪಂದಿರಿಗೆ ಮದುವೆ ಸೀಸನ್ನಿನ ಪುರೋಹಿತರಷ್ಟು ಬೇಡಿಕೆ. ವರ್ಷವಿಡೀ ನೆನಪಾಗದ ಮನುಷ್ಯನಿಗೆ ಎಲ್ಲ ಕಡೆಯಿಂದ ಫೋನು: ‘ಮಗೂಗೆ ಯಾವ ಲ್ಯಾಪ್‌ಟಾಪ್ ಕೊಡಿಸೋಣ?’ ಕೊಡಿಸಲೇಬೇಕಾ ಎಂದು ಮಾತ್ರ ಯಾರೂ ಕೇಳಬಾರದು. ಕೇಳಿದರೆ ಆತನ ಮುಖ ಸಣ್ಣದಾಗುತ್ತದೆ.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಓಡತೊಡಗಿದ ಮೇಲೆ ಈತನ ಸಂಚಾರ ಇನ್ನೂ ಸಲೀಸು. ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗ ಹಿಡಿದರೆ ನೇರ ಪೀಣ್ಯ. ಅಲ್ಲಿ ಅಣ್ಣನ ಲೇತ್ ಶೆಡ್ಡು. ಅತ್ತಿಗೆ ಕೊಟ್ಟ ಕಾಫಿ ಆರುವುದರೊಳಗೆ ಶುರು: ‘ನೋಡಣ್ಣ, ಐ ಸೆವೆನ್ನು, ಹದಿನಾರು ಜಿಬಿ ರ‍್ಯಾಮು, ಗ್ರಾಫಿಕ್ಸ್ ಕಾರ್ಡು. ಇದಕ್ಕಿಂತ ಕಮ್ಮಿ ತಗೊಂಡ್ರೆ ಇಂಜಿನಿಯರಿಂಗ್ ಓದ್ಸೋದೇ ವೇಸ್ಟು.’

ಅಣ್ಣ ಕೈಗಂಟಿದ ಗ್ರೀಸನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿಕೊಳ್ಳುತ್ತಾ ಕೇಳಿದ: ‘ಪರೀಕ್ಷೆ ಅದ್ರಲ್ಲೇ ಬರೀತಾರೇನೋ?’

ಇಲ್ಲ. ವಿಟಿಯು ಥಿಯರಿ ಪರೀಕ್ಷೆಯನ್ನು ಪೆನ್ನಿನಲ್ಲೇ ಬರೆಸುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಲ್ಯಾಬ್ ರೆಕಾರ್ಡನ್ನೂ ಕೈನೋಯುವಷ್ಟು ಬರೆಯಬೇಕು. ಮೊದಲ ವರ್ಷದ ಡ್ರಾಯಿಂಗ್ ಕಂಪ್ಯೂಟರಿನಲ್ಲಿ ಹೌದು, ಆದರೆ ಕಂಪ್ಯೂಟರು ಕಾಲೇಜಿನದು. ಸಿ ಭಾಷೆಯ ಪ್ರೋಗ್ರಾಂಗೆ ಹಳೇ ಡಬ್ಬವೂ ಸಾಕು. ಮಷೀನ್ ಲರ್ನಿಂಗ್ ಎಂದು ಹೆದರಿಸಿದರೆ, ಕಲಿಯುವಷ್ಟು ಮಟ್ಟಿಗೆ ಅದು ಗೂಗಲ್ ಕೊಲ್ಯಾಬ್‌ನಲ್ಲಿ, ಬ್ರೌಸರಿನೊಳಗೇ ಓಡುತ್ತದೆ. ಹಾಗೆಂದು ಬೇಡವೇ ಬೇಡ ಅನ್ನಲೂ ಬರುವುದಿಲ್ಲ: ಸಂಜೆ ಲ್ಯಾಬಿಗೆ ಬೀಗ ಬೀಳುತ್ತದೆ, ಮೂರನೇ ವರ್ಷಕ್ಕೆ ಪ್ರಾಜೆಕ್ಟು ಬರುತ್ತದೆ, ಪ್ಲೇಸ್‌ಮೆಂಟಿನ ಆನ್‌ಲೈನ್ ಪರೀಕ್ಷೆ ಬಹುಪಾಲು ಮೊಬೈಲಿನಲ್ಲಿ ನಡೆಯುವುದಿಲ್ಲ. ಬಿ.ಕಾಂ. ಮಕ್ಕಳ ಟ್ಯಾಲಿಯ ಕಥೆಯೂ ಹೆಚ್ಚುಕಡಿಮೆ ಇದೇ.

ಅಣ್ಣನದು ಸೀದಾ ಲೆಕ್ಕ: ‘ನಾವು ಮೊದಲು ಜಾಬ್ ನೋಡಿ ಆಮೇಲೆ ಮಷೀನ್ ತರ‍್ತೀವಿ. ನೀನು ಮಷೀನ್ ತಂದು ಜಾಬ್ ಹುಡುಕು ಅಂತೀಯಲ್ಲೋ.’

ಚಿಕ್ಕಪ್ಪ ನಕ್ಕ. ಕ್ಲೈಂಟು ಅಸಂಬದ್ಧ ಮಾತಾಡಿದಾಗ ಕಂಪನಿಯಲ್ಲಿ ಹೀಗೆ ನಗುವುದನ್ನು ಕಲಿಸಿರುತ್ತಾರೆ. ‘ಫ್ಯೂಚರ್ ಪ್ರೂಫ್ ಆಗಿರ್ಬೇಕಣ್ಣ.’

ಈತನ ಬದುಕಿನ ಗುಟ್ಟೊಂದಿದೆ, ಹೇಳಿಬಿಡುತ್ತೇನೆ. ಸ್ವಂತ ದುಡ್ಡಿನಲ್ಲಿ ಈತ ಒಂದೂ ಲ್ಯಾಪ್‌ಟಾಪ್ ಕೊಂಡವನಲ್ಲ. ಇರುವುದು ಕಂಪನಿ ಕೊಟ್ಟದ್ದು. ಅದರ ಬೆನ್ನ ಮೇಲೆ ಆಸ್ತಿ ಸಂಖ್ಯೆಯ ಸ್ಟಿಕರ್. ಪೆನ್‌ಡ್ರೈವ್ ಚುಚ್ಚಿದರೆ ತೆಗೆದುಕೊಳ್ಳುವುದಿಲ್ಲ. ಪ್ರಿಂಟರ್ ಹಾಕಿಸಿಕೊಳ್ಳಲೂ ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ ಕಾಯಬೇಕು. ಅದರಲ್ಲಿ ಎಷ್ಟು ರ‍್ಯಾಮ್ ಇದೆ ಎಂದು ಈತ ನೋಡಿಲ್ಲ. ಎಕ್ಸೆಲ್ಲು, ಮೀಟಿಂಗು ಬಿಟ್ಟರೆ ಬೇರೇನೂ ಬೇಕಾಗಿಯೂ ಇಲ್ಲ. ಡಿಗ್ರಿ ಮುಗಿಸಿದ್ದು ಕಾಲೇಜಿನ ಲ್ಯಾಬಿನಲ್ಲಿ, ಒಂದು ಕಂಪ್ಯೂಟರಿಗೆ ಮೂವರು ಕೂತು. ಕೀಬೋರ್ಡ್ ಸಿಕ್ಕವನು ಆ ದಿನದ ರಾಜ. ಆ ಮಾತು ಎತ್ತಿದರೆ, ‘ಆಗಿನ ಕಾಲ ಬೇರೆ’ ಎನ್ನುತ್ತಾನೆ.

ಕೊನೆಗೆ ಶನಿವಾರ ಎಲ್ಲರೂ ಹಳೇ ಲ್ಯಾಪ್‌ಟಾಪ್ ನೋಡಲು ಎಸ್.ಪಿ. ರೋಡ್‌ಗೆ ಹೊರಟರು. ಸೆಕೆಂಡ್‌ಹ್ಯಾಂಡ್ ಎಂದಾಕ್ಷಣ ಚಿಕ್ಕಪ್ಪನ ಮುಖ ಹುಳ್ಳಗಾದರೂ ಮುಂದಾಳತ್ವ ಬಿಡಲಿಲ್ಲ. ಕೌಂಟರಿನ ಹುಡುಗ ಕೇಳಿದ: ‘ಸರ್, ಡಿಡಿಆರ್ ಫೋರ್ ಕೊಡ್ಲಾ, ಫೈವ್ ಕೊಡ್ಲಾ?’ ಚಿಕ್ಕಪ್ಪ ಗಂಭೀರವಾಗಿ ‘ಒಂದ್ನಿಮಿಷ’ ಎಂದು ಆಚೆ ಹೋಗಿ ಆಫೀಸಿನ ಹೆಲ್ಪ್‌ಡೆಸ್ಕಿಗೆ ಫೋನ್ ಹಚ್ಚಿದ.

ಅಷ್ಟರಲ್ಲಿ ಅಣ್ಣನ ಮಗಳು, ‘ಫೋರೇ ಸಾಕಣ್ಣ. ಎಂಟು ಜಿಬಿ, ಎಸ್‌ಎಸ್‌ಡಿ ಇರ್ಲಿ. ಮುಂದೆ ರ‍್ಯಾಮ್ ಹಾಕಿಸೋಕೆ ಸ್ಲಾಟ್ ಖಾಲಿ ಇದ್ಯಾ? ಬ್ಯಾಟರಿ ಎಷ್ಟೊತ್ತು ಬರುತ್ತೆ?’ ಎಂದು ವ್ಯಾಪಾರ ಮುಗಿಸಿದ್ದಳು. ಸೀನಿಯರ್ ಹುಡುಗಿಯರನ್ನು ವಾರದ ಹಿಂದೆಯೇ ಕೇಳಿಕೊಂಡಿದ್ದಳಂತೆ. ಬಿಲ್ ಆದ ಮೇಲೆ ಚಿಕ್ಕಪ್ಪ ಒಳಗೆ ಬಂದ.

ಸಂಜೆ ಫ್ಯಾಮಿಲಿ ಗ್ರೂಪಿನಲ್ಲಿ ಫೋಟೊ ಬಿತ್ತು: ಲ್ಯಾಪ್‌ಟಾಪ್ ಹಿಡಿದ ಹುಡುಗಿ, ಪಕ್ಕದಲ್ಲಿ ಹೆಬ್ಬೆರಳೆತ್ತಿದ ಚಿಕ್ಕಪ್ಪ. ‘ನಾನೇ ನಿಂತು ಸೆಲೆಕ್ಟ್ ಮಾಡಿದ್ದು. ಬೆಸ್ಟ್ ಕಾನ್ಫಿಗರೇಷನ್.’ ರಾತ್ರಿಯೊಳಗೆ ತುಮಕೂರಿನ ಷಡ್ಡಕನಿಂದ ಫೋನು ಬಂತು. ಮಗನಿಗೆ ಬಿಸಿಎ ಸೀಟು ಸಿಕ್ಕಿತ್ತು.