ಮಡಿಲಕ್ಕಿ ಮೀಮಾಂಸೆ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ವಾದ ದೇಶದ ಬಹುಭಾಗಕ್ಕೆ ಹಬ್ಬಿದ್ದು ಈ ಗ್ರಂಥದಿಂದಲೇ. ಮದುವೆಯಾಗದ ಸೋದರಿಗೆ ಕಾಲುಭಾಗ ಕೊಡಿ ಎಂದೂ ಅದೇ ಪುಣ್ಯಾತ್ಮ ಹೇಳಿದ್ದ. ನಮ್ಮ ಅಣ್ಣತಮ್ಮಂದಿರ ಕೈಗೆ ಬರುವಷ್ಟರಲ್ಲಿ ಆ ಪುಟಕ್ಕೆ ಮಾತ್ರ ಗೆದ್ದಲು ಹಿಡಿದಿತ್ತು. ಆ ಕೊರತೆ ತುಂಬಲು ಹುಟ್ಟಿದ್ದೇ ಮಡಿಲಕ್ಕಿ ಶಾಸ್ತ್ರ.

ಲಕ್ಷಣ: ಹೆಣ್ಣುಮಗಳಿಗೆ ಒಂದು ಸೀರೆ, ಒಂದು ಕಣ, ಎರಡು ಸೇರು ಅಕ್ಕಿ ಕೊಟ್ಟು ಎರಡು ಎಕರೆ ಹದಿನೆಂಟು ಗುಂಟೆ ಪಡೆಯುವ ಕ್ರಿಯೆಯೇ ಮಡಿಲು ತುಂಬುವುದು. ತುಂಬಿದ್ದು ಯಾರ ಮಡಿಲು ಎಂಬ ಕುಚೋದ್ಯದ ಪ್ರಶ್ನೆಗೆ ಶಾಸ್ತ್ರದಲ್ಲಿ ಅವಕಾಶವಿಲ್ಲ.

ಇನ್ನು ಪೂರ್ವಪಕ್ಷ. "ಮದುವೇಲಿ ಹತ್ತು ತೊಲ ಹಾಕಿದ್ದೀವಲ್ಲ?" ಮದುವೆ ಖರ್ಚು ಮದುವೆ ಖರ್ಚೇ, ಪಾಲಿನಲ್ಲಿ ವಜಾ ಆಗದು. "ಪಹಣೀಲಿ ನನ್ನ ಹೆಸರೊಂದೇ ಇದೆ." ಪಹಣಿ ಕಂದಾಯದ ದಾಖಲೆ, ಹಕ್ಕುಪತ್ರವಲ್ಲ. ಇದು ತಿಳಿದ ಪಂಡಿತರು ವಂಶವೃಕ್ಷದಲ್ಲೇ ಕೊಂಬೆ ಸವರುತ್ತಾರೆ. ನಾಡಕಚೇರಿಗೆ ಕೊಟ್ಟ ಹಾಳೆಯಲ್ಲಿ ಮೂವರು ಅಕ್ಕಂದಿರೂ ಹುಟ್ಟಿಯೇ ಇಲ್ಲ. ಆದರೆ ಹುಟ್ಟದ ಆ ಅಕ್ಕಂದಿರ ಮಕ್ಕಳ ಮದುವೆಯಲ್ಲಿ ಸೋದರಮಾವನ ಉಡುಗೊರೆ ಪಂಚೆ ಉಟ್ಟವರು ಇವರೇ.

"ಅಪ್ಪ 2005ಕ್ಕೆ ಮೊದಲೇ ಹೋದರು" ಎಂಬುದು ಪೂರ್ವಪಕ್ಷದ ಬ್ರಹ್ಮಾಸ್ತ್ರ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತಾದರೂ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. ಅಂದು ಅಪ್ಪ ಬದುಕಿರಬೇಕಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಅಸ್ತ್ರವನ್ನು ಠುಸ್ಸೆನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಭಾಗವಾಗಿದ್ದರೆ ಅದನ್ನು ಕೆದಕುವಂತಿಲ್ಲ. ಈ ತಾರೀಕು ಗೊತ್ತಾದದ್ದೇ ತಡ, "ಅಪ್ಪ ಜಗಲಿ ಮೇಲೆ ಕೂತು ಬಾಯಿಮಾತಲ್ಲೇ ಭಾಗ ಮಾಡಿದ್ದ" ಎಂಬುದು ಎಷ್ಟೋ ಮನೆಗಳಲ್ಲಿ ಒಮ್ಮೆಲೇ ನೆನಪಾಯಿತು. ಬಾಯಿಮಾತಿನ ಭಾಗವನ್ನು ಕೋರ್ಟು ಸುಲಭಕ್ಕೆ ನಂಬುವುದಿಲ್ಲ. (ಅಪ್ಪನ ಸ್ವಯಾರ್ಜಿತದ ಮಾತು ಬೇರೆ. ಅದನ್ನು ಆತ ಯಾರಿಗೆ ಬೇಕಾದರೂ ವಿಲ್ ಮಾಡಬಹುದು; ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು. ವಿಲ್ ಇಲ್ಲದಿದ್ದರೆ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು.)

ಅಕ್ಕ "ನಂಗೇನೂ ಬೇಡ ಕಣೋ" ಎಂದರೂ ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಹೀಗಾಗಿ ಅಕ್ಕನ ಇತಿಹಾಸವನ್ನು ವಿದ್ವಾಂಸರು ಸಹಿಪೂರ್ವ, ಸಹಿನಂತರ ಎಂದು ಎರಡು ಯುಗ ಮಾಡುತ್ತಾರೆ. ಸಹಿಪೂರ್ವ ಯುಗದಲ್ಲಿ ಅಕ್ಕನನ್ನು ಕರೆತರಲು ಬಾಡಿಗೆ ಕಾರು. ಸಬ್‌ರಿಜಿಸ್ಟ್ರಾರ್ ಕಚೇರಿಯೆದುರಿನ ಹೋಟೆಲಿನಲ್ಲಿ ಮಸಾಲೆದೋಸೆ, "ಇನ್ನೊಂದು ತಗೋ ಅಕ್ಕ" ಎಂಬ ಉಪಚಾರ. ಪಾತ್ರೆ ತಿಕ್ಕಿ ಸವೆದ ಹೆಬ್ಬೆರಳಿನ ಗುರುತನ್ನು ಯಂತ್ರ ಹಿಡಿಯದಿದ್ದರೆ ನಾದಿನಿಯೇ ಸೆರಗಿನಿಂದ ಒರೆಸಿ ಒತ್ತಿಸುತ್ತಾಳೆ. ಸಹಿನಂತರದ ಯುಗ ಮೆಟ್ಟಿಲಿಳಿಯುವಾಗಲೇ ಶುರು: "ನಾಲ್ಕೂವರೆಗೆ ನಿಮ್ಮೂರಿಗೆ ಬಸ್ಸಿದೆ ಅಲ್ವಾ?"

ಸಹಿ ಹಾಕದವಳು ತವರು ಮುರಿದವಳು ಎಂಬುದು ಶಾಸ್ತ್ರದ ತೀರ್ಮಾನ. ಆದರೆ ಒಂದು ಅಪವಾದಕ್ಕೆ ಭಾಷ್ಯಕಾರರು ಇನ್ನೂ ಸಮಾಧಾನ ಹೇಳಿಲ್ಲ. ಸ್ವಂತ ಮನೆಯಲ್ಲಿ ಇಷ್ಟೆಲ್ಲ ಪೂರ್ವಪಕ್ಷ ಹೂಡಿದಾತ ಮಾವನ ಮನೆಯ ಜಗಲಿ ಹತ್ತುತ್ತಲೇ ಕಡು ಸಿದ್ಧಾಂತಿ. ಕಂಕುಳಲ್ಲಿ 2020ರ ತೀರ್ಪಿನ ಜೆರಾಕ್ಸು, ಪಕ್ಕದಲ್ಲಿ ಹೆಂಡತಿ.