ಸಿಂಧುಘಟಕಾನ್ವೇಷಣ ಮೀಮಾಂಸೆ: ಕೊಂಗುನಾಡ ಖಂಡ

ಎಕ್ಸ್‌ಎಂಎಲ್ ದಸ್ತಾವೇಜಿನಲ್ಲಿ ಕರ್ಸರ್ ನಿಂತ ಠಾವೇ ‘ಸಂದರ್ಭ’. ಆ ಠಾವಿನಲ್ಲಿ ದಸ್ತಾವೇಜಿನ ನಿಯಮಾವಳಿಯಾದ ಸ್ಕೀಮಾ ಒಪ್ಪುವ ಎಲಿಮೆಂಟುಗಳೇ ‘ಸಿಂಧುಘಟಕ’ಗಳು. ಅವುಗಳ ಸಂದರ್ಭಸಾಪೇಕ್ಷ, ಬಹುಸ್ತರೀಯ, ಪೂರ್ವನಿರ್ಬಂಧಿತ ಶೋಧವೇ ‘ಸಿಂಧುಘಟಕಾನ್ವೇಷಣ’. ಕೋನದ ಕಂಸವನ್ನು ಒತ್ತಿದರೆ ಎಡಿಟರ್ ಒಂದು ಪಟ್ಟಿ ಬಿಚ್ಚುತ್ತದೆ, ಅದರಲ್ಲೊಂದನ್ನು ಆರಿಸಿ ಎಂಬುದಷ್ಟೇ ಇದರ ತಾತ್ಪರ್ಯ. ಆದರೆ ಹಾಗೆ ಹೇಳಿಬಿಡುವವರನ್ನು ಕೊಯಮತ್ತೂರಿನ ಹೋಟೆಲುಗಳಲ್ಲಿ ತರಬೇತಿ ಕೊಡಲು ಯಾರೂ ಕರೆಯುವುದಿಲ್ಲ.

ಪೂರ್ವಸೂರಿಗಳು: 1998ರಲ್ಲಿ ಎಕ್ಸ್‌ಎಂಎಲ್, 2001ರಲ್ಲಿ ಎಕ್ಸ್‌ಎಂಎಲ್ ಸ್ಕೀಮಾ. ಅದೇ ವರ್ಷ ಜೇಮ್ಸ್ ಕ್ಲಾರ್ಕ್ ಮತ್ತು ಮುರಾತ ಮಕೊತೊ ಸೇರಿ ರಿಲ್ಯಾಕ್ಸ್ ಎನ್‌ಜಿ ಕೊಟ್ಟರು. ಕ್ಲಾರ್ಕ್ ಬರೆದ ಎನ್‌ಎಕ್ಸ್‌ಎಂಎಲ್ ಮೋಡ್ ಈಮ್ಯಾಕ್ಸ್ ಎಡಿಟರಿನಲ್ಲಿ ನಾವು ಟೈಪಿಸುತ್ತಿರುವಾಗಲೇ ತಪ್ಪನ್ನು ಗುರುತು ಮಾಡುತ್ತದೆ. ಇವರೆಲ್ಲ ಬಿಗಿಯಾಗಿ ಮಾತಾಡಿದವರು. ಭಾಷ್ಯಕಾರರು ಆಮೇಲೆ ಬಂದರು.

ಅನ್ವೇಷಕರು ಪಂಚವಿಧ. ಪಟ್ಟಿ ನೋಡಿ ಆರಿಸುವವರು ದೃಷ್ಟಾನುಸಾರಿಗಳು. ಕೆಂಪು ಗೆರೆ ಮಾಯವಾಗುವ ತನಕ ಅಳಿಸುತ್ತಲೇ ಹೋಗುವವರು ಲೋಪೋಪಾಸಕರು. ಹಳೆಯ ಫೈಲನ್ನು ನಕಲಿಸಿ ತಾರೀಖು ಮಾತ್ರ ತಿದ್ದುವವರು ಮೂರನೆಯವರು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಲೆಕ್ಕದ ತಂತ್ರಾಂಶ ಟ್ಯಾಲಿಗೆ ಎಕ್ಸ್‌ಎಂಎಲ್‌ನಲ್ಲಿ ವೋಚರ್ ತುಂಬುವ ಹುಡುಗರು ಬಹುಪಾಲು ಈ ಪಂಥದವರೇ, ಕೆಲಸ ಸಾಗುವುದೂ ಇವರಿಂದಲೇ. ಉಳಿದೆರಡು ವಿಧಗಳು ಸಂಖ್ಯೆ ತುಂಬಲು ಹೇಳಿದ್ದು, ಬಿಡಿ.

ಇನ್ನು ಪ್ರಯೋಗ. ಸ್ಥಳ ಕೊಯಮತ್ತೂರು ಜಿಲ್ಲೆಯ ಸಿರುಮುಗೈ, ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರ ಮನೆ, ಮಗ್ಗದ ಮೇಲೆ ಕೋರಾ ಕಾಟನ್ ಸೀರೆ. ನನ್ನ ಕೈಯಲ್ಲಿ ಭರ್ತಿ ಮಾಡಬೇಕಾದ ಒಂದು ಎಕ್ಸ್‌ಎಂಎಲ್ ನಮೂನೆ, ಕೊಟ್ಟವರ ಹೆಸರು ಬೇಡ. ‘ನೂಲು’ ಎಂಬಲ್ಲಿ ಪಟ್ಟಿ ಬಿಚ್ಚಿತು: ಹತ್ತಿ ಅಥವಾ ರೇಷ್ಮೆ. ಸೀರೆಯಲ್ಲಿ ಎರಡೂ ಉಂಟು. ಎರಡನ್ನೂ ಹಾಕಿದರೆ ಅಸಿಂಧು. ಎರಡು ನೂಲಿನ ಈ ಸೀರೆಗೇ ಸರ್ಕಾರ ಭೌಗೋಳಿಕ ಗುರುತಿನ ನೋಂದಣಿ ಕೊಟ್ಟಿದೆ. ಸ್ಕೀಮಾಕ್ಕೆ ಮಾತ್ರ ಅಂಥದೊಂದು ಸೀರೆಯೇ ಇಲ್ಲ. ‘ನೇಕಾರ’ ಗರಿಷ್ಠ ಒಂದು. ಬೆಳಗಿನಿಂದ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದ ಹೆಂಡತಿಗೆ ಎಲಿಮೆಂಟೇ ಇಲ್ಲ. ಗರಿಷ್ಠ ಎಂಬಲ್ಲಿ ಒಂದು ಅಂಕಿ ತಿದ್ದಿದ್ದರೆ ಸಾಕಿತ್ತಲ್ಲ! ಹವಾನಿಯಂತ್ರಿತ ಕೋಣೆಯಲ್ಲಿ ಕೂತು ‘ಡೊಮೈನ್ ಮಾಡೆಲಿಂಗ್’ ಎಂದು ಎರಡು ದಿನ ಕೊರೆದವರಲ್ಲಿ ಒಬ್ಬರಾದರೂ ಒಂದು ಮಗ್ಗದ ಮನೆಗೆ ಹೋಗಿ ಬಂದಿದ್ದರೆ?

‘ಮನೆಮಾತು’ ಎಂಬಲ್ಲಿ ಇದ್ದದ್ದು ತಮಿಳು, ಇಂಗ್ಲಿಷ್. ಎಕ್ಸ್‌ಎಂಎಲ್‌ನ ಮೂಲ ವಿಧಿ ಎಲಿಮೆಂಟಿನ ಹೆಸರನ್ನೇ ಕನ್ನಡ ಅಕ್ಷರಗಳಲ್ಲಿ ಬರೆಯಲು ಬಿಡುತ್ತದೆ. ಈ ಪಟ್ಟಿ ಕನ್ನಡವೆಂಬ ಉತ್ತರವನ್ನೂ ಬಿಡಲಿಲ್ಲ. 1961ರ ಜನಗಣತಿ 1652 ಮಾತೃಭಾಷೆಗಳನ್ನು ಪಟ್ಟಿ ಮಾಡಿತ್ತು, ಪಟ್ಟಿ ಬಿಚ್ಚುವ ಎಡಿಟರ್ ಇಲ್ಲದ ಕಾಲದಲ್ಲಿ. ಈ ಮನೆಯ ಮಕ್ಕಳು ಅಜ್ಜಿಯ ಮಾತಿಗೆ ಕನ್ನಡದಲ್ಲೇ ಉತ್ತರಿಸುತ್ತಾರೆ, ಬರೆಯುವುದು ತಮಿಳಿನಲ್ಲಿ. ಅವರು ದೊಡ್ಡವರಾಗುವ ಹೊತ್ತಿಗೆ ಪಟ್ಟಿಯೇ ನಿಜವಾಗಿಬಿಟ್ಟರೆ, ಯಾರನ್ನು ಕೇಳೋಣ?

“ತಮಿಳು ಅಂತಲೇ ಹಾಕಪ್ಪ, ಊಟಕ್ಕೆ ಹೊತ್ತಾಯ್ತು” ಎಂದರು ಯಜಮಾನರು, ಕನ್ನಡದಲ್ಲಿ. ಹಾಕಿದೆ. ದಸ್ತಾವೇಜು ಸಿಂಧು ಎಂದು ಹಸಿರು ಗುರುತು ಬಂತು.