ಒಂದೇ ಕೀಲಿಕೈಯ ಸಾಹೇಬರಿಗೆ ಮೂಡಲಗಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಿಂಗಲ್ ಸೈನ್-ಆನ್ ಸಾಹೇಬರಿಗೆ,

ಮೂಡಲಗಿ ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಅಂಗಡಿಯವನ ಶಿರಸಾಷ್ಟಾಂಗ ನಮಸ್ಕಾರಗಳು. ಸರ್ವರ್ ಒಂದನ್ನು ಬಿಟ್ಟರೆ ಇತ್ತ ಎಲ್ಲರೂ ಕ್ಷೇಮ.

ತಮ್ಮ ವಾಸ ಕ್ಲೌಡಿನಲ್ಲಿ ಎಂದು ಕೇಳಿದ್ದೇನೆ. ಮೋಡದಲ್ಲಿ ಇರುವವರ ಬಗ್ಗೆ ನಮ್ಮ ಕಡೆ ಮೊದಲಿನಿಂದಲೂ ಭಯಭಕ್ತಿ ಇದೆ. ಬಿತ್ತುವ ಹೊತ್ತಿಗೆ ಬಾ ಎಂದರೆ ಬರುವುದಿಲ್ಲ, ಅಂಗಳದಲ್ಲಿ ಗೋವಿನಜೋಳ ಹರವಿದ ದಿನ ತಪ್ಪದೆ ಬರುತ್ತಾರೆ. ತಾವೂ ಬೆಳಗ್ಗೆ ಹತ್ತಕ್ಕೆ ಹದಿನೈದು ಮಂದಿ ಪಾಳಿ ಹಚ್ಚಿದಾಗ ಪರದೆಯ ಮೇಲೆ ಗರಗರ ತಿರುಗುತ್ತೀರಿ. ರಾತ್ರಿ ಹನ್ನೊಂದಕ್ಕೆ ಊರು ಮಲಗಿದ ಮೇಲೆ ಥಟ್ಟನೆ ಒಲಿಯುತ್ತೀರಿ.

ತಮ್ಮ ಕೀರ್ತಿ ನಮಗೆ ತಲುಪಿ ಬಹಳ ದಿನವಾಯಿತು. 2022ರ ಜುಲೈನಲ್ಲಿ ಗಾಂಧಿನಗರದಲ್ಲಿ ‘ಮೇರಿ ಪೆಹಚಾನ್’ ಎಂಬ ಹೆಸರಿನಲ್ಲಿ ತಮ್ಮ ನಾಮಕರಣವಾಯಿತು. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಎಂಬ ಮೂವರಲ್ಲಿ ಯಾರೊಬ್ಬರು ಗುರುತು ಹೇಳಿದರೂ ಸಾಕು, ಸರ್ಕಾರದ ನೂರು ಬಾಗಿಲು ತೆರೆಯಬೇಕು ಎಂಬುದು ತಮ್ಮ ಪ್ರತಿಜ್ಞೆ. ನಮ್ಮ ರಾಜ್ಯದ ಸೇವಾ ಸಿಂಧು ಪೋರ್ಟಲ್ ಕೂಡ ಹೊಸಬರನ್ನು ಡಿಜಿಲಾಕರ್ ಮನೆಗೆ ಕಳಿಸಿ ಗುರುತು ಹಚ್ಚಿಸಿಕೊಂಡು ಬಾ ಎನ್ನುತ್ತದೆ. ಅದಕ್ಕೂ ಮುಂಚೆ ಪ್ರತಿ ಇಲಾಖೆಗೆ ಬೇರೆ ಕೀಲಿ, ಬೇರೆ ಕೀಲಿಕೈ. ಅದಕ್ಕಾಗಿ ನನ್ನ ಹತ್ತಿರ ಇನ್ನೂರು ಪುಟದ ಒಂದು ಉದ್ದನ್ನ ನೋಟ್‌ಬುಕ್ ಇದೆ. ಅರ್ಧ ಊರಿನ ಯೂಸರ್ ಐಡಿ, ಪಾಸ್‌ವರ್ಡ್ ಅದರಲ್ಲಿವೆ. ಪಾಸ್‌ವರ್ಡ್ ಬಹುತೇಕ ಎಲ್ಲರದೂ ಒಂದೇ: ಊರಿನ ಹೆಸರು, ಒಂದು ಅಟ್ ಚಿಹ್ನೆ, 123. ಇದು ತಪ್ಪೆಂದು ನನಗೂ ಗೊತ್ತು. ಆದರೆ ಈ ತಾಲ್ಲೂಕಿನ ಮೊದಲ ಏಕೀಕೃತ ಪ್ರವೇಶ ವ್ಯವಸ್ಥೆ ಯಾವುದೆಂದು ಕೇಳಿದರೆ, ಅರಿಷಿಣ ಹತ್ತಿದ ರಟ್ಟಿನ ಈ ನೋಟ್‌ಬುಕ್ಕನ್ನೇ ತೋರಿಸುತ್ತೇನೆ. ಕರೆಂಟ್ ಹೋದರೂ ಅದು ತೆರೆಯುತ್ತದೆ.

ತಾವು ಕೆಲಸ ಮಾಡುವ ರೀತಿಯನ್ನು ಒಬ್ಬ ಆಯಿಗೆ ತಿಳಿಸಿ ಹೇಳುವ ಪ್ರಸಂಗ ಬಂತು. ಆಕೆಯ ವಯಸ್ಸು ಎಪ್ಪತ್ತರ ಮೇಲೆ. ಎಷ್ಟು ಮೇಲೆ ಎಂಬುದು ಯಾವ ಕಾರ್ಡ್ ನೋಡುತ್ತೀರಿ ಎಂಬುದರ ಮೇಲಿದೆ. ನಾನೆಂದೆ: “ಆಯಿ, ಪ್ಯಾಟ್ಯಾಗ ಕಿರಾಣಿ ಅಂಗಡಿಯಂವ ನಿನ್ನ ಗುರ್ತಾ ಹಿಡ್ಯಂಗಿಲ್ಲ, ಉದ್ರಿ ಕೊಡಂಗಿಲ್ಲ. ಆದ್ರ ಗೌಡ್ರ ಸಹಿ ಇದ್ದ ಚೀಟಿ ತಂದ್ರ ಕೊಡ್ತಾನ. ಚೀಟ್ಯಾಗ ನಿನ್ನ ಹೆಸರು ಇರ್ತದ, ಎಷ್ಟೊತ್ತಿನ ತನಕ ನಡೀತದ ಅನ್ನೂದೂ ಇರ್ತದ. ಅಂಗಡಿಯಂವ ನಿನ್ನ ನಂಬೂದಿಲ್ಲ, ಸಹಿ ನಂಬ್ತಾನ. ಅದೇ ಚೀಟಿ ಕಾಳಿನ ಅಂಗಡಿಗೂ ನಡೀತದ, ಅರಿವಿ ಅಂಗಡಿಗೂ ನಡೀತದ.” ಟೋಕನ್, ಅಸರ್ಷನ್, ಸ್ಯಾಮಲ್, ಓಪನ್ ಐಡಿ ಕನೆಕ್ಟ್ ಎಂದು ಬೆಂಗಳೂರಿನಲ್ಲಿ ಹೇಳುವುದೆಲ್ಲ ಈ ಚೀಟಿಯ ಸುತ್ತಲಿನ ಶಾಸ್ತ್ರವೇ. ಆಯಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು: “ಹಂಗಾರ ಗೌಡ್ರ ಮುಂದ ಇಕಿ ಇಕೀನ ಅಂತ ಹೇಳಾವ್ರು ಯಾರೋ ತಮ್ಮಾ?”

ಸಾಹೇಬರೇ, ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮಲ್ಲಿದ್ದರೆ ಮರುಟಪಾಲಿಗೆ ತಿಳಿಸಬೇಕು.

ಯಾಕೆಂದರೆ ಆಯಿ ಒಬ್ಬಳೇ ಅಲ್ಲ. ಆಧಾರ್ ಕಾರ್ಡಿನಲ್ಲಿ ಆಕೆಗೆ ಗಂಡನ ಹೆಸರೂ ಅಡ್ಡಹೆಸರೂ ಸೇರಿ ಮೂರು ಮಾತಿನ ಹೆಸರು. ರೇಷನ್ ಕಾರ್ಡಿನಲ್ಲಿ ಒಂದೇ ಮಾತು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತವರಿನ ಅಡ್ಡಹೆಸರು ಇನ್ನೂ ಉಳಿದಿದೆ. ಮೂರೂ ಸರಿಯಾದ ಹೆಸರುಗಳೇ. ನಮ್ಮ ಕಡೆ ಹೆಂಗಸರ ಹೆಸರು ‘ವ್ವ’ ಎಂದು ಮುಗಿಯುತ್ತದೆ. ಕನ್ನಡದಲ್ಲಿ ಅದು ಒಂದು ಒತ್ತಕ್ಷರ, ಮುಗಿಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಆಪರೇಟರ್ ಎರಡು ವಿ ಹಾಕಿದ, ಇನ್ನೊಬ್ಬ ಎರಡು ಡಬ್ಲ್ಯೂ ಹಾಕಿದ, ಮೂರನೆಯವನಿಗೆ ಊಟದ ಹೊತ್ತಾಗಿತ್ತು, ಒಂದೇ ವಿ ಹಾಕಿ ಎದ್ದ. ಆ ಮೂರನೆಯವನು ನಾನೇ ಇರಬಹುದು. ತಮ್ಮ ಲೆಕ್ಕದಲ್ಲಿ ಇವರು ಮೂವರು ಹೆಂಗಸರು, ಒಬ್ಬರಿಗೊಬ್ಬರು ಪರಿಚಯವಿಲ್ಲ.

ಹುಟ್ಟಿದ ತಾರೀಖಿನ ಕಥೆ ಬೇರೆ. ತಾರೀಖು ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆದದ್ದರಿಂದ ನಮ್ಮೂರಿನ ಮುದುಕರೆಲ್ಲ ಹೊಸ ವರ್ಷದ ದಿನವೇ ಹುಟ್ಟಿದಂತೆ ಕಾಣುತ್ತದೆ. ಆ ದಿನ ಊರಿನ ಸೂಲಗಿತ್ತಿಯರ ಗತಿ ಏನಾಗಿತ್ತೋ.

ಆಯಿಯನ್ನಾದರೂ ಬಿಡಿ, ಊರಿನ ಗತಿಯೇ ಹೀಗಿದೆ. ಇಂಗ್ಲಿಷಿನಲ್ಲಿ ಮೂಡಲಗಿಯನ್ನು ‘ಯು’ ಒಂದರಿಂದ ಬರೆಯುವವರಿದ್ದಾರೆ, ‘ಓ’ ಎರಡರಿಂದ ಬರೆಯುವವರಿದ್ದಾರೆ, ‘ಲ’ದ ಮುಂದಿನ ‘ಎ’ ನುಂಗುವವರೂ ಇದ್ದಾರೆ. ಮೊದಲು ನಾವು ಗೋಕಾಕ ತಾಲ್ಲೂಕಿನವರು, ಈಗ ನಮ್ಮದೇ ತಾಲ್ಲೂಕು. ಮನೆ ಅಲ್ಲೇ ಇದೆ, ಬೇವಿನ ಗಿಡ ಅಲ್ಲೇ ಇದೆ, ವಿಳಾಸ ಮಾತ್ರ ಹೋಗಿದೆ. ಜಿಲ್ಲೆ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಳಗಾವಿಯಾಯಿತು, ಹಳೆಯ ಕಾರ್ಡುಗಳು ಇನ್ನೂ ಬೆಲ್ಗಾಮಿನಲ್ಲೇ ವಾಸವಾಗಿವೆ. ಗೋಕಾಕ ಸೀಮೆಯ ಬೆಟಗೇರಿಯಲ್ಲಿ ಹುಟ್ಟಿದ ಕೃಷ್ಣಶರ್ಮರು ‘ಆನಂದಕಂದ’ ಎಂಬ ಹೆಸರಲ್ಲಿ ಬರೆದರು, ಎರಡೂ ಹೆಸರನ್ನು ಕನ್ನಡಿಗರು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡರು. ಇವತ್ತು ಅವರು ನನ್ನ ಕೌಂಟರಿಗೆ ಬಂದಿದ್ದರೆ, “ಬಾಂಡ್ ಪೇಪರ್ ಮ್ಯಾಲೆ ಅಫಿಡವಿಟ್ ಮಾಡಿಸ್ಕೊಂಡ ಬರ್ರೀ ಸರ್, ಎರಡೂ ಹೆಸರಿನಂವ ನಾನ ಅಂತ” ಎಂದು ವಾಪಸ್ ಕಳಿಸಬೇಕಾಗುತ್ತಿತ್ತು.

ಹೆಸರು ಬೇಡ, ಬೆರಳು ಸಾಕು ಎಂದು ತಾವು ದೊಡ್ಡ ಮನಸ್ಸು ಮಾಡಿದಿರಿ. ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ. ಆಯಿ ಐವತ್ತು ವರ್ಷ ಕಬ್ಬಿನ ರವದಿ ಸುಲಿದಿದ್ದಾಳೆ, ಅರಿಷಿಣ ಕಿತ್ತಿದ್ದಾಳೆ, ಬೆಲ್ಲದ ಗಾಣದ ಒಲೆ ಮುಂದೆ ಕೂತಿದ್ದಾಳೆ. ಥಂಬ್ ಮಷಿನ್ ಮೇಲೆ ಒಂದೊಂದೇ ಬೆರಳು ಇಡಿಸಿದೆ. ಒರೆಸಿ ಇಡಿಸಿದೆ, ಎಣ್ಣೆ ಹಚ್ಚಿ ಇಡಿಸಿದೆ. ಹತ್ತೂ ಸಲ ಮಷಿನ್ ಕೆಂಪು ದೀಪ ತೋರಿಸಿತು. ಆಕೆ ಕೈ ತಿರುವಿ ನೋಡಿಕೊಂಡು, “ಬಟ್ಟು ಸವದಾವೋ ಯಪ್ಪಾ, ನಾ ಎಲ್ಲಿ ಸವದೀನಿ?” ಎಂದಳು. ಕಣ್ಣು ನೋಡೋಣವೆಂದರೆ ಮೋತಿಬಿಂದು.

ತಮ್ಮನ್ನು ಬರೀ ಬೈಯಲೆಂದು ಈ ಪತ್ರ ಬರೆಯುತ್ತಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ನೀರಿನಡಿ ಹೋದಾಗ ನದಿಯ ದಂಡೆಯ ಹಳ್ಳಿಗಳಲ್ಲಿ ಟ್ರಂಕುಗಳು ತೇಲಿದವು. ನೀರು ಇಳಿದ ಮೇಲೆ ಜನ ಉತಾರ, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕು ಎಲ್ಲವನ್ನೂ ಹಪ್ಪಳದ ಹಾಗೆ ಬಿಸಿಲಿಗೆ ಹರವಿ ಕಲ್ಲು ಇಟ್ಟಿದ್ದರು. ಶಾಯಿ ಹರಿದು ಹೋದ ಕಾಗದ ಹಿಡಿದು ಪರಿಹಾರಕ್ಕೆ ಅರ್ಜಿ ಹಾಕಬೇಕು, ನೆರೆ ಬಂದದ್ದು ನಿನ್ನ ಮನೆಗೇ ಎಂಬುದಕ್ಕೆ ಆ ಕಾಗದವೇ ಸಾಕ್ಷಿ. ಆಗ ನಾಲ್ಕು ವರ್ಷದ ಕೂಸಾಗಿದ್ದ ಡಿಜಿಲಾಕರಿನಲ್ಲಿ ಕಾಗದ ಇಟ್ಟಿದ್ದವರು ಫೋನ್ ಚಾರ್ಜ್ ಆದ ಕೂಡಲೇ ತೆಗೆದು ತೋರಿಸಬಹುದಿತ್ತು. ಮೋಡದಲ್ಲಿ ಇಟ್ಟದ್ದು ತೋಯಲಿಲ್ಲ. ಇದನ್ನು ನಾನು ಮನಸಾರೆ ಹೇಳುತ್ತೇನೆ.

ಹುಕ್ಕೇರಿಯ ಸಂಗತಿಯನ್ನಂತೂ ತಾವು ಪಾಠವಾಗಿ ಓದಬೇಕು. ನಮ್ಮ ನೆರೆಯ ಆ ತಾಲ್ಲೂಕಿಗೆ ಕರೆಂಟ್ ಕೊಡುವುದು ಹೆಸ್ಕಾಂ ಅಲ್ಲ, 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಅಂಥದ್ದು ಅದೊಂದೇ. 2023ರ ಜೂನ್ 18ರಿಂದ ಗೃಹಜ್ಯೋತಿಗೆ ಸೇವಾ ಸಿಂಧುವಿನಲ್ಲಿ ಹೆಸರು ಹಚ್ಚುವುದು ಶುರುವಾದಾಗ ಪಟ್ಟಿಯಲ್ಲಿ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಸೆಸ್ಕ್ ಎಂಬ ಐದು ಆನೆಗಳ ಪಕ್ಕದಲ್ಲಿ ಈ ಹುಕ್ಕೇರಿ ಸಂಘವೂ ಕೂತಿತ್ತು. ಅದರ ಗ್ರಾಹಕರ ಲೆಕ್ಕದ ಪುಸ್ತಕ ಅದರದೇ, ಗ್ರಾಹಕರೂ ಅದರವರೇ. ಆದರೂ ಅರ್ಜಿಯ ಬಾಗಿಲು ಒಂದೇ. ಹುಕ್ಕೇರಿಯವನು ಹೆಸ್ಕಾಂನವನಾಗಿ ವೇಷ ಬದಲಿಸಬೇಕಾಗಲಿಲ್ಲ, ತನ್ನ ಸಂಘದ ಹೆಸರು ಆರಿಸಿ, ತನ್ನ ಬಿಲ್ಲಿನ ಮೇಲಿನ ನಂಬರ್ ಹಾಕಿ, 200 ಯೂನಿಟ್‌ವರೆಗಿನ ಉಚಿತ ಕರೆಂಟಿನ ಯೋಜನೆಗೆ ಹೆಸರು ಹಚ್ಚಿಕೊಂಡ. ನಾನಾ ಮನೆಗಳನ್ನು ಕೆಡವದೆ ಒಂದು ಓಣಿಗೆ ಸೇರಿಸುವುದೆಂದರೆ ಇದು. ತಮ್ಮ ಶಾಸ್ತ್ರದಲ್ಲಿ ಇದಕ್ಕೆ ಫೆಡರೇಷನ್ ಎಂಬ ಭಾರೀ ಹೆಸರಿದೆ. ಹುಕ್ಕೇರಿಯಲ್ಲಿ ಸಹಕಾರಿ ಎನ್ನುತ್ತಾರೆ.

ಇದಕ್ಕೆ ತಿರುಗಾ ಮುರುಗಾ ನಡೆದರೆ ಏನಾಗುತ್ತದೆ ಎಂಬುದಕ್ಕೆ ಮೂಡಲಗಿಯ ಉದಾಹರಣೆಯೇ ಬೇಕಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಕಂಪನಿಯ ಎಲ್ಲವೂ ಏಕಕಾಲಕ್ಕೆ ಮಲಗಿದಾಗ, ರಿಪೇರಿ ಮಾಡಬೇಕಾದ ನೌಕರರು ಬ್ಯಾಡ್ಜುಗಳೂ ನಡೆಯದೆ ತಮ್ಮದೇ ಆಫೀಸಿನ ಬಾಗಿಲಲ್ಲಿ ನಿಂತರು. ಬ್ಯಾಡ್ಜಿನ ಬಾಗಿಲೂ ಮಲಗಿದ ಜಾಲವನ್ನೇ ನಂಬಿತ್ತು. ಮೈಕ್ರೋಸಾಫ್ಟಿನ ಒಂದೇ ಒಂದು ಸಹಿಯ ಕೀಲಿಕೈ ಕಳ್ಳರ ಕೈಗೆ ಸಿಕ್ಕಿ, 2023ರಲ್ಲಿ ಅವರು ಅಮೆರಿಕ ಸರ್ಕಾರದ ಅಧಿಕಾರಿಗಳ ಇಮೇಲುಗಳನ್ನು ಆರಾಮವಾಗಿ ಓದಿದರು. ಆಯಿಯ ಭಾಷೆಯಲ್ಲಿ, ಗೌಡರ ಸಹಿ ಹಾಕುವುದನ್ನು ಯಾರೋ ಕಲಿತುಬಿಟ್ಟರು. ಅಂಥ ದೊಡ್ಡವರಿಗೇ ಹೀಗಾದ ಮೇಲೆ ನನ್ನ ನೋಟ್‌ಬುಕ್ ಬಗ್ಗೆ ತಾವು ಮೂಗು ಮುರಿಯಬಾರದು.

ಇನ್ನೊಂದು ವಿನಂತಿ. “ನೀ ಯಾರು” ಎಂಬುದೂ “ನಿನಗ ಏನು ಬರಬೇಕು” ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂದು ತಮ್ಮ ಪುಸ್ತಕದ ಮೊದಲ ಪುಟದಲ್ಲೇ ಇದೆಯಂತೆ. ಪರದೆಯ ಮೇಲೆ ಮಾತ್ರ ಎರಡಕ್ಕೂ ಒಂದೇ ಉತ್ತರ ಬರುತ್ತದೆ: ವಿಫಲ. ಆಯಿಯ ಗಂಡ ತೀರಿಕೊಂಡು ವರ್ಷಗಳಾದವು. ಹೊಲದ ಉತಾರ ಇನ್ನೂ ಆತನ ಹೆಸರಲ್ಲಿದೆ, ಮಕ್ಕಳು ವಾರಸಾ ಮಾಡಿಸಿಲ್ಲ, ಒಬ್ಬರ ಸಹಿ ಇದ್ದರೆ ಇನ್ನೊಬ್ಬರದು ಇಲ್ಲ. ಉತಾರ ತನ್ನ ಹೆಸರಲ್ಲಿ ಇಲ್ಲದ್ದಕ್ಕೆ ಆಕೆಗೆ ರೈತರ ನೋಂದಣಿಯ ಫ್ರೂಟ್ಸ್‌ನ ಎಫ್‌ಐಡಿ ಇಲ್ಲ. ಅಂದರೆ ಹೊಲದಲ್ಲಿ ದಿನಾ ಇರುವವಳು ರೈತಳಲ್ಲ, ಸತ್ತವನು ರೈತ. 2024ರಲ್ಲಿ ಉತಾರಕ್ಕೆ ಆಧಾರ್ ಜೋಡಿಸುವ ಕೆಲಸ ರಾಜ್ಯದ ತುಂಬ ನಡೆದಾಗ ಇಂಥ ಸತ್ತ ಮಾಲೀಕರು ಊರೂರಲ್ಲೂ ಎದ್ದು ಬಂದರು. ಒಳಗೆ ಬಿಡುವುದನ್ನು ತಾವು ಚೆನ್ನಾಗಿ ಕಲಿತಿದ್ದೀರಿ, ಹೊರಗೆ ಕಳಿಸುವುದನ್ನು ಇನ್ನೂ ತಲಾಟಿ ಮತ್ತು ಅಣ್ಣತಮ್ಮಂದಿರ ಜಗಳಕ್ಕೇ ಬಿಟ್ಟಿದ್ದೀರಿ.

ಈ ಆಧಾರಿನ ಮಾತು ಕೋರ್ಟಿಗೂ ಹೋಗಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಸಿಮ್ಮಿಗೂ ಬ್ಯಾಂಕ್ ಖಾತೆಗೂ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು 2018ರಲ್ಲಿ ತೀರ್ಪಾಯಿತು. ಆಯಿಗೆ ಇದನ್ನೂ ಹೇಳಿದೆ. “ಭಾಳ ಛಲೋ ಆತು. ಹಂಗಾರ ಲಿಂಕ್ ಮಾಡಸ್ದಿದ್ರ ರೊಕ್ಕಾ ಬರ್ತಾವೇನು?” ಎಂದಳು. ಸರ್ಕಾರದ ರೊಕ್ಕ ನೇರ ಖಾತೆಗೆ ಬೀಳಬೇಕಾದರೆ ಖಾತೆಗೆ ಆಧಾರ್ ಜೋಡಿಸಿರಬೇಕು. ಹಾಗಾಗಿ ಮಾಡಿಸಿದೆವು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೆರಳು ನಡೆಯದಿದ್ದರೆ ಓಟಿಪಿ ಇದೆಯಲ್ಲ ಎನ್ನುತ್ತೀರಿ. ಇದೆ. ಆಯಿಯ ಆಧಾರಕ್ಕೆ ಹಚ್ಚಿದ ನಂಬರ್ ಮೊಮ್ಮಗನದು. ಅವನು ಪುಣೆಗೆ ಕೆಲಸಕ್ಕೆ ಹೋಗಿ ಸಿಮ್ ಬದಲಿಸಿದ, ಹಳೆಯದಕ್ಕೆ ರಿಚಾರ್ಜ್ ಹಾಕಲಿಲ್ಲ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಕೊಟ್ಟರು. ನಂಬರ್ ಬದಲಿಸಲು ಆಯಿ ಒಂದು ಕೇಂದ್ರಕ್ಕೆ ಎರಡು ಸಲ ಹೋದಳು. ಅಲ್ಲಿಯೂ ಬೆರಳೇ ಕೇಳಿದರು.

ಕೊನೆಗೆ ಆಯಿಯೇ ದಾರಿ ಕಂಡುಹಿಡಿದಳು. ನನ್ನ ಫೋನಿನಿಂದ ಆ ಹಳೆಯ ನಂಬರಿಗೆ ಹಚ್ಚಿಸಿದಳು. ಎತ್ತಿದವನು ಸಾಂಗ್ಲಿ ಕಡೆಯ ಲಾರಿ ಡ್ರೈವರ್, ಅರ್ಧ ಮರಾಠಿ ಅರ್ಧ ಕನ್ನಡ. ತಿಂಗಳುಗಟ್ಟಲೆ ಯಾರದೋ ಓಟಿಪಿ ಯಾಕೆ ಬರುತ್ತಿವೆ ಎಂದು ಅವನೂ ತಲೆ ಕೆಡಿಸಿಕೊಂಡಿದ್ದನಂತೆ. ಆಯಿ ತನ್ನ ಗಂಡನ ಹೆಸರು, ಊರು, ಸೊಸೆಯ ಬಾಣಂತನ, ಮೋತಿಬಿಂದುವಿನ ಆಪರೇಷನ್ ಎಲ್ಲ ಹೇಳಿ ಮುಗಿಸಿದ ಮೇಲೆ, ಅವನು ಗಾಡಿ ಬದಿಗೆ ಹಚ್ಚಿ ಆರು ಅಂಕಿ ಓದಿ ಹೇಳಿದ. ಪರದೆಯ ಮೇಲೆ ಹಸಿರು ಗುರುತು ಬಂತು. ಆಯಿ ಆಯಿಯೇ ಎಂದು ತಾವು ಒಪ್ಪಿದಿರಿ.

ಓಟಿಪಿ ಯಾರಿಗೂ ಹೇಳಬೇಡಿ ಎಂಬ ತಮ್ಮ ಎಚ್ಚರಿಕೆಯ ಕಾಗದ ನನ್ನ ಅಂಗಡಿಯ ಗೋಡೆಗೇ ಅಂಟಿದೆ. ಅವನು ಕಳ್ಳನಾಗಿದ್ದರೆ ಆಯಿಯ ಖಾತೆಯಲ್ಲಿ ಏನು ಉಳಿಯುತ್ತಿತ್ತು ಎಂದು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಸಾಹೇಬರೇ, ಈಗ ಮೂರು ತಿಂಗಳಿಂದ ಆಯಿಯ ಗುರುತಿಗೆ ಖಾತರಿ ಕೊಡುತ್ತಿರುವವನು ಅವನೇ. ಕೊಲ್ಹಾಪುರ ರಸ್ತೆಯಲ್ಲಿ ನೆಟ್‌ವರ್ಕ್ ಇದ್ದಾಗ ಆಯಿ ಇರುತ್ತಾಳೆ, ಅವನು ಘಾಟಿನಲ್ಲಿ ಇದ್ದಾಗ ಇರುವುದಿಲ್ಲ.

ನಿನ್ನೆ ಆಯಿ ಸೆರಗಿನ ಗಂಟು ಬಿಚ್ಚಿ ಐದುನೂರರ ನೋಟು ಕೊಟ್ಟು ಹೋಗಿದ್ದಾಳೆ, ಗೋಕಾಕಕ್ಕೆ ಹೋದಾಗ ಅವನಿಗೆ ಕರದಂಟು ತಂದು ಪಾರ್ಸಲ್ ಮಾಡಬೇಕಂತೆ. ಪಾರ್ಸಲ್ ಆಫೀಸಿನಲ್ಲಿ ಕಳಿಸುವವರ ಹೆಸರು ಇಂಗ್ಲಿಷಿನಲ್ಲಿ ಬರೆಯಬೇಕು. ಎರಡು ವಿ ಹಾಕಲೋ, ಎರಡು ಡಬ್ಲ್ಯೂ ಹಾಕಲೋ, ದಯವಿಟ್ಟು ತಿಳಿಸಿರಿ.

ಇಂತಿ ತಮ್ಮ ವಿಧೇಯ,
ಆನ್‌ಲೈನ್ ಅಂಗಡಿಯವ,
ಮೂಡಲಗಿ, ತಾ. ಮೂಡಲಗಿ (ಹಳೆಯ ಕಾರ್ಡಿನ ಪ್ರಕಾರ ತಾ. ಗೋಕಾಕ)